ಸಮನಾದ ರೆಕ್ಕೆಯ ಮರಿ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನೀನು ಊಟಕ್ಕೆ ಕೂತಲ್ಲಿಂದ ಎದ್ದು ಹೋಗಿ ಇಂದಿಗೆ ಮೂರು ದಿನ. ಆ ರಾತ್ರಿ ಯಾರು ಯಾರಿಗೆ ಏನಂದರು ಎಂಬುದು ಇಬ್ಬರಿಗೂ ನೆನಪಿದೆ, ಅದನ್ನಿಲ್ಲಿ ಮತ್ತೆ ಬರೆಯುವುದಿಲ್ಲ. ಒಂದು ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. 'ನಿನಗೆ ಮನುಷ್ಯರಿಗಿಂತ ಕೋಳಿಗಳೇ ಹೆಚ್ಚಾದವು' ಎಂದೆನಲ್ಲ, ಅದು ತಪ್ಪು ಮಾತು. ಆಡುತ್ತಿರುವಾಗಲೇ ತಪ್ಪೆಂದು ನನಗೆ ಗೊತ್ತಿತ್ತು. ಸೋಮವಾರ ನೀನು ಪ್ರಾಣಿಗಳ ಪರವಾಗಿ ದುಡಿಯುವ ಆ ಸಂಘಟನೆಗೆ ಸೇರಲು ಹೊರಡುತ್ತೀಯ. ಹ್ಯಾಚರಿಯಲ್ಲಿ ಹನ್ನೊಂದು ವರ್ಷ ನಾನು ಕಂಡದ್ದನ್ನು ಕ್ಯಾಮೆರಾದ ಎದುರು ಹೇಳಬೇಕೆಂದು ನೀನು ಕೇಳಿದ್ದಕ್ಕೆ ಉತ್ತರ ಕೊಡದೆ ನಿನ್ನನ್ನು ಕಳುಹಿಸಿಕೊಡಲು ನನ್ನಿಂದಾಗದು.

ಉತ್ತರಕ್ಕೆ ಮೊದಲು ಒಂದು ದಿನದ ಸಂಗತಿ ಹೇಳಬೇಕು. ಆಗ ನಿನಗೆ ಏಳು ವರ್ಷ. ಶಾಲೆಗೆ ರಜೆಯಿತ್ತು, ಅಮ್ಮ ಮನೆಯಲ್ಲಿರಲಿಲ್ಲ, ಬೇರೆ ದಾರಿ ಕಾಣದೆ ನಿನ್ನನ್ನು ಕೆಲಸಕ್ಕೆ ಕರೆದುಕೊಂಡು ಹೋಗಿದ್ದೆ. ಇಪ್ಪತ್ತೊಂದು ದಿನ ಕಾವು ಮುಗಿಸಿದ ಮೊಟ್ಟೆಗಳು ಒಡೆದು, ಟ್ರೇಗಳನ್ನು ಹೊರಗೆಳೆಯುತ್ತಿದ್ದ ದಿನವದು. ಕೋಣೆಯ ತುಂಬ ಬೆಚ್ಚಗಿನ ಹಸಿ ವಾಸನೆ, ಚಿಪ್ಪಿನ ಚೂರುಗಳು, ಸಾವಿರಾರು ಮರಿಗಳ ಒಂದೇ ಕಲರವ. ನೀನು ನನ್ನ ಪಕ್ಕದಲ್ಲಿ ಸ್ಟೂಲಿನ ಮೇಲೆ ನಿಂತು, ಗಂಡು ಯಾವುದು ಹೆಣ್ಣು ಯಾವುದು ಎಂದು ಹೇಗೆ ತಿಳಿಯುತ್ತದೆಂದು ಕೇಳಿದೆ. ನಾನು ಒಂದು ಮರಿಯನ್ನು ಅಂಗೈಯಲ್ಲಿಟ್ಟುಕೊಂಡು, ಹೆಬ್ಬೆರಳಿನಿಂದ ಅದರ ರೆಕ್ಕೆಯನ್ನು ಬೀಸಣಿಗೆಯ ಹಾಗೆ ಬಿಡಿಸಿ ತೋರಿಸಿದೆ. ಗರಿಗಳು ಒಂದು ಉದ್ದ ಒಂದು ಗಿಡ್ಡ ಇದ್ದರೆ ಹೆಣ್ಣು, ಎಲ್ಲ ಒಂದೇ ಸಮ ಇದ್ದರೆ ಗಂಡು. ನಾವು ಸಾಕುತ್ತಿದ್ದ ತಳಿಯಲ್ಲಿ ಲೆಕ್ಕ ಅಷ್ಟು ಸರಳವಾಗಿತ್ತು. ನೀನು ಕಾಲು ಗಂಟೆಯಲ್ಲಿ ಕಲಿತೆ. ನೀನಾಗಿಯೇ ಒಂದನ್ನು ಎತ್ತಿ, ರೆಕ್ಕೆ ಬಿಡಿಸಿ, 'ಅಪ್ಪಾ, ಇದು ಸಮ ಇದೆ, ಇದು ಗಂಡು' ಎಂದೆ. ನಾನು 'ಶಭಾಷ್' ಎಂದೆ. ಆಮೇಲೆ, ಅದೇ ಉಸಿರಿನಲ್ಲಿ, ಅದನ್ನು ಎಡಗಡೆಯ ಬುಟ್ಟಿಗೆ ಹಾಕು ಎಂದೆ.

ಎಡಗಡೆಯ ಬುಟ್ಟಿ ಎಲ್ಲಿಗೆ ಹೋಗುತ್ತದೆ ಎಂದು ನೀನು ಕೇಳಿದಾಗ, ಬೇರೆ ಕಟ್ಟಡಕ್ಕೆ ಎಂದೆ. ಅದು ಸುಳ್ಳಲ್ಲ. ಆ ಕಟ್ಟಡದಲ್ಲಿ ಯಂತ್ರವಿತ್ತು. ಮೊಟ್ಟೆಯ ತಳಿಯಲ್ಲಿ ಹುಟ್ಟಿದ ಗಂಡು ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೆಂದು ರೂಪಿಸಿದ ತಳಿಯಷ್ಟು ಬೇಗ ತೂಕಕ್ಕೂ ಬರುವುದಿಲ್ಲ. ಹಾಗಾಗಿ ಹುಟ್ಟಿದ ದಿನವೇ ಅದರ ಲೆಕ್ಕ ಮುಗಿಯುತ್ತಿತ್ತು. ಜಗತ್ತಿನಲ್ಲಿ ವರ್ಷಕ್ಕೆ ಹೀಗೆ ಕೊನೆಯಾಗುವ ಗಂಡು ಮರಿಗಳು ನೂರಾರು ಕೋಟಿ ಎಂದು ನೀನು ಆ ರಾತ್ರಿ ಹೇಳಿದೆಯಲ್ಲ, ಆ ಸಂಖ್ಯೆಯನ್ನು ನಾನು ಅಲ್ಲಗಳೆಯಲಿಲ್ಲ, ಗಮನಿಸಿದೆಯಾ? ನನಗೆ ಆಗ ಕಾಣುತ್ತಿದ್ದದ್ದು ಒಂದೇ ಮರಿ.

ಸಂಜೆ ಗೇಟಿನ ಹತ್ತಿರ ನಿನ್ನ ಜೇಬು ಕೂಗಿತು. ನೀನು ಎರಡೂ ಕೈಯಲ್ಲಿ ಜೇಬನ್ನು ಮುಚ್ಚಿಕೊಂಡೆ, ಮುಚ್ಚಿದಷ್ಟೂ ಅದು ಜೋರಾಗಿ ಕೂಗಿತು. ನಾನು ಮೊಣಕಾಲೂರಿ ಕೂತು ಮರಿಯನ್ನು ಹೊರಗೆ ತೆಗೆದೆ. ಅದರ ಎದೆ ನನ್ನ ಬೆರಳುಗಳ ನಡುವೆ ಎಷ್ಟು ವೇಗವಾಗಿ ಹೊಡೆದುಕೊಳ್ಳುತ್ತಿತ್ತೆಂದರೆ, ಅದನ್ನು ಬಡಿತವೆನ್ನುವುದಕ್ಕಿಂತ ನಡುಕವೆನ್ನಬೇಕು. ಮನೆಗೆ ಒಯ್ದರೆ ಹಸಿವಿನಿಂದ ರಾತ್ರಿಯೇ ಸತ್ತುಹೋಗುತ್ತದೆ ಎಂದು ನಿನಗೆ ಹೇಳಿದೆ. ಮೊಟ್ಟೆಯೊಡೆದು ಬಂದ ಮರಿಯ ಹೊಟ್ಟೆಯೊಳಗೆ ಉಳಿದ ಹಳದಿ ಅದನ್ನು ಮೂರು ದಿನದವರೆಗೂ ಬದುಕಿಸಬಲ್ಲದು, ಮರಿಗಳನ್ನು ಮೇವಿಲ್ಲದೆ ದೂರದ ಊರುಗಳಿಗೆ ಕಳುಹಿಸಲು ಸಾಧ್ಯವಾಗುವುದೇ ಅದರಿಂದ ಎಂಬುದು ಅಲ್ಲಿ ನನಗಿಂತ ಚೆನ್ನಾಗಿ ತಿಳಿದವರು ಯಾರೂ ಇರಲಿಲ್ಲ. ನೀನು ನಂಬಿದೆ. ನಾನೇ ಒಳಗೆ ಹೋಗಿ ಅದನ್ನು ಎಡಗಡೆಯ ಬುಟ್ಟಿಗೆ ಹಾಕಿ ಬಂದೆ. ಆ ಒಂದು ಮರಿಯನ್ನು ಮನೆಗೆ ತಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಒಂದನ್ನು ಉಳಿಸಿದರೆ ಮಾರನೆಯ ದಿನ ಉಳಿದವನ್ನು ಹೇಗೆ ಹಾಕಲಿ ಎಂಬ ಭಯದಿಂದ ಹಾಗೆ ಮಾಡಿದೆ. ಆ ಭಯವನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ನಿನ್ನ ಅಮ್ಮನಿಗೂ ಹೇಳಿರಲಿಲ್ಲ.

ನಿನ್ನ ಕೋಣೆಯಲ್ಲಿದ್ದ ಲೇಖನವೊಂದನ್ನು ನಿನ್ನೆ ಓದಿದೆ. ಕೇಳದೆ ತೆಗೆದದ್ದಕ್ಕೆ ಬೇಸರಪಡಬೇಡ. 2010ರಲ್ಲಿ ಮನಶ್ಶಾಸ್ತ್ರಜ್ಞರು ಕೆಲವರಿಗೆ ಒಣಗಿಸಿದ ದನದ ಮಾಂಸವನ್ನೂ ಕೆಲವರಿಗೆ ಒಣಬೀಜಗಳನ್ನೂ ತಿನ್ನಲು ಕೊಟ್ಟು, ಆಮೇಲೆ ಪ್ರಾಣಿಗಳ ಬಗ್ಗೆ ಕೇಳಿದರಂತೆ. ಮಾಂಸ ತಿಂದವರು ತಮ್ಮ ಕಾಳಜಿಗೆ ಅರ್ಹವೆಂದು ಹೇಳಿದ ಪ್ರಾಣಿಗಳು ಕಡಿಮೆಯಾಗಿದ್ದವು, ಹಸುವಿಗೆ ಅವರು ಕೊಟ್ಟ ನೈತಿಕ ಸ್ಥಾನವೂ ಕೆಳಗಿತ್ತು. ಓದಿ ಪುಸ್ತಕ ಮುಚ್ಚಿದಂತೆ ಅದನ್ನು ಮುಚ್ಚಿಡಲು ನನಗಾಗಲಿಲ್ಲ. ಗಂಡು ಮರಿಗಳಿಗೆ ಇನ್ನೂ ನೋವು ತಿಳಿಯುವುದಿಲ್ಲ ಎಂದು ನಾನು ನಂಬಲು ಶುರು ಮಾಡಿದ್ದು ಆ ಕೆಲಸಕ್ಕೆ ಸೇರಿದ ಮೇಲೆಯೇ, ಅದಕ್ಕೆ ಮುಂಚೆಯಲ್ಲ.

ಈಗ ನಾನು ಹೇಳುವುದು ಉಪದೇಶದಂತೆ ಕೇಳಿಸಬಹುದು, ಆದರೂ ಕೇಳು. ಜನ ಗೊತ್ತಿಲ್ಲದೆ ಸುಮ್ಮನಿದ್ದಾರೆ, ತೋರಿಸಿದರೆ ಬದಲಾಗುತ್ತಾರೆ ಎಂದು ನೀನು ನಂಬಿದ್ದೀಯ. ಬಹಳಷ್ಟು ಜನರಿಗೆ ಅರ್ಧ ಗೊತ್ತಿದೆ, ಉಳಿದರ್ಧ ಗೊತ್ತಾಗದಿರಲಿ ಎಂದು ಅವರು ಜಾಗ್ರತೆಯಿಂದಿದ್ದಾರೆ; ಅಂಥವರ ಮುಖಕ್ಕೆ 'ಕೊಲೆಗಾರ' ಎಂಬ ಮಾತು ಎಸೆದರೆ ಆ ಜಾಗ್ರತೆ ಇನ್ನಷ್ಟು ಬಿಗಿಯಾಗುತ್ತದೆ. 2018ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಕೋಳಿ, ಹಂದಿ, ಕರುಗಳನ್ನು ಕೂಡಿಹಾಕುವ ಜಾಗ ಹೆಚ್ಚಿಸುವ ಪ್ರಸ್ತಾವವನ್ನು ಸುಮಾರು ಶೇ 63ರಷ್ಟು ಮತಗಳಿಂದ ಒಪ್ಪಿದರು. 2022ರಲ್ಲಿ ಸ್ವಿಟ್ಜರ್ಲೆಂಡಿನ ಮತದಾರರು ಕಾರ್ಖಾನೆ ಮಾದರಿಯ ಪಶುಸಾಕಣೆಯನ್ನು ಕೊನೆಗಾಣಿಸುವ ಪ್ರಸ್ತಾವವನ್ನು ಹೆಚ್ಚುಕಡಿಮೆ ಅಷ್ಟೇ ಶೇಕಡಾವಾರು ಮತಗಳಿಂದ ತಿರಸ್ಕರಿಸಿದರು. ಒಂದು ಕಡೆಯವರು ದಯಾಳುಗಳು, ಇನ್ನೊಂದು ಕಡೆಯವರು ಕ್ರೂರಿಗಳು ಎಂದು ನನಗನಿಸುವುದಿಲ್ಲ. ಕೇಳಿದ ರೀತಿ ಬೇರೆ, ಕಿಸೆಗೆ ಏನು ಬೀಳುತ್ತದೆಂದು ಅವರಿಗೆ ಅನಿಸಿದ್ದು ಬೇರೆ. ಜರ್ಮನಿಯಲ್ಲಿ 2022ರ ಆರಂಭದಿಂದ ಗಂಡು ಮರಿಗಳನ್ನು ಕೊಲ್ಲುವುದು ಕಾನೂನುಬಾಹಿರವಾಯಿತು. ಮೊಟ್ಟೆಯೊಳಗಿರುವಾಗಲೇ ಲಿಂಗ ಗುರುತಿಸುವ ತಂತ್ರ ಬಂದಿತ್ತೆಂಬುದೂ ಅದಕ್ಕೊಂದು ಕಾರಣ. ಹಾಲು, ಮೊಟ್ಟೆ ಸೇರಿದಂತೆ ಪ್ರಾಣಿಗಳಿಂದ ಬಂದದ್ದೇನನ್ನೂ ಬಳಸದವರಿಗೆ ಹೇಳುವ 'ವೀಗನ್' ಎಂಬ ಪದದ ಹಿಂದಿರುವ ಡೊನಾಲ್ಡ್ ವಾಟ್ಸನ್ ಮರಗೆಲಸ ಕಲಿಸುವ ಮೇಷ್ಟ್ರಾಗಿದ್ದರು. 1944ರಲ್ಲಿ ಬೆರಳೆಣಿಕೆಯ ಜನರನ್ನು ಕಟ್ಟಿಕೊಂಡು ಹೊರಟರು. ಜೊತೆಗೆ ಯಾರೂ ಇಲ್ಲವೆಂದು ನೀನು ಕುಗ್ಗಬೇಡ, ಹಾಗೆಂದು ಹೊತ್ತಿಗೆ ಸರಿಯಾಗಿ ಉಣ್ಣದೆ, ನಿದ್ದೆಗೆಟ್ಟು, ಆ ವಿಡಿಯೊಗಳನ್ನೇ ರಾತ್ರಿಯಿಡೀ ನೋಡುತ್ತಾ ಕೂರಬೇಡ. ನಾನು ದಿನವೂ ಕಂಡವನು; ಅದು ಮನುಷ್ಯನನ್ನು ಎರಡರಲ್ಲಿ ಒಂದು ಮಾಡುತ್ತದೆ, ಕಲ್ಲು ಮಾಡುತ್ತದೆ, ಇಲ್ಲವೇ ಒಡೆಯುತ್ತದೆ. ನನ್ನನ್ನು ಕಲ್ಲು ಮಾಡಿತ್ತು. ನಿನ್ನ ವಿಷಯದಲ್ಲಿ ನನಗಿರುವ ಹೆದರಿಕೆ ಎರಡನೆಯದು.

ಹೆಮ್ಮೆಯಿಲ್ಲವೆಂದುಕೊಳ್ಳಬೇಡ. ಏಳು ವರ್ಷದವಳು ತಾನಾಗಿಯೇ ರೆಕ್ಕೆ ಬಿಡಿಸಿ ಗಂಡೆಂದು ಗುರುತಿಸಿ, ಅದನ್ನು ಬುಟ್ಟಿಗೆ ಹಾಕದೆ ಜೇಬಿಗೆ ಹಾಕಿಕೊಂಡಳು. ಎಡಗಡೆಯ ಬುಟ್ಟಿ ಏನೆಂದು ನಾನು ಹೇಳದಿದ್ದರೂ ನಿನಗೆ ಹೇಗೋ ತಿಳಿದಿತ್ತು. ಆ ಕೋಣೆಯಲ್ಲಿದ್ದ ದೊಡ್ಡವರು ಒಬ್ಬರೂ ಮಾಡದ್ದನ್ನು ನೀನು ಮಾಡಿದೆ, ಮತ್ತು ನಾನು ಅದನ್ನು ನಿನ್ನ ಕೈಯಿಂದ ಕಿತ್ತುಕೊಂಡೆ. ಕ್ಷಮೆ ಕೇಳಬೇಕಾದದ್ದು ಆ ರಾತ್ರಿಯ ಮಾತಿಗಲ್ಲ, ಇದಕ್ಕೆ.

ನಾನು ಹೇಳುತ್ತೇನೆ. ಕ್ಯಾಮೆರಾ ತೆಗೆದುಕೊಂಡು ಭಾನುವಾರ ಬೆಳಿಗ್ಗೆ ಬಾ. ನನ್ನ ಮುಖ ಮರೆಮಾಡುವುದು ಬೇಡ, ಹೆಸರೂ ಇರಲಿ. ಎರಡು ಷರತ್ತುಗಳಿವೆ. ನನ್ನ ಜೊತೆ ಸಾಲಿನಲ್ಲಿ ನಿಂತು ಮರಿ ವಿಂಗಡಿಸುತ್ತಿದ್ದ ಹೆಂಗಸರ ಹೆಸರನ್ನು ನೀನು ಕೇಳಬಾರದು. ಗಂಟೆಗೆ ಇಷ್ಟು ಮರಿ ಎಂಬ ಲೆಕ್ಕದ ಮೇಲೆ ಅವರ ಮನೆ ನಡೆಯುತ್ತಿತ್ತು, ಅವರನ್ನು ಯಾರ ಎದುರೂ ನಿಲ್ಲಿಸಲು ನಾನು ತಯಾರಿಲ್ಲ. ಎರಡನೆಯದು, ನಡುವೆ ನಾನು ನಿಲ್ಲಿಸಿದರೆ ಕ್ಯಾಮೆರಾ ಆರಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿರಬೇಕು.

ರೆಕ್ಕೆಯನ್ನು ಬಿಡಿಸಿ ನೋಡುವುದು ಹೇಗೆ ಎಂಬಲ್ಲಿಂದಲೇ ಶುರು ಮಾಡುತ್ತೇನೆ.

ನಿನ್ನ ಅಪ್ಪ