ಮಾಗಡಿ ಕೆರೆಯ ಹಕ್ಕಿಗಳನ್ನು ಮಲಗಲು ಬಿಡಿ

ಮಾನ್ಯ ಸಂಪಾದಕರೇ,

ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ 2024ರಲ್ಲಿ ಅಂಕಸಮುದ್ರ ಹಾಗೂ ಅಘನಾಶಿನಿ ಅಳಿವೆಯ ಜೊತೆಯಲ್ಲಿ ರಾಮ್ಸರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶದ ಮಾನ್ಯತೆ ದೊರೆಯಿತು. ಚಳಿಗಾಲದ ರವಿವಾರಗಳಂದು ಹುಬ್ಬಳ್ಳಿ, ಧಾರವಾಡ, ಹಾವೇರಿಗಳಿಂದಲೂ ಕುಟುಂಬಸಮೇತ ಜನ ಅಲ್ಲಿಗೆ ಬರುವುದನ್ನು ಕಂಡು ಗದಗ ಜಿಲ್ಲೆಯವಳಾದ ನನಗೆ ಹೆಮ್ಮೆಯಾಗುತ್ತದೆ. ಕಪ್ಪತಗುಡ್ಡ ಹತ್ತಿ ಇಳಿದವರು, ಡಂಬಳದ ದೊಡ್ಡಬಸಪ್ಪನ ಗುಡಿ ನೋಡಿದವರು, ಬುತ್ತಿ ಕಟ್ಟಿಕೊಂಡು ಮಕ್ಕಳೊಡನೆ ಈ ಕೆರೆಯ ಏರಿಗೂ ಬರಲಿ ಎಂದೇ ನನ್ನ ಆಸೆ. ಆದರೆ ಕಳೆದ ಜನವರಿಯಲ್ಲಿ ಆ ಏರಿಯ ಮೇಲೆ ನಾನು ಕಂಡದ್ದನ್ನು ಹೇಳದೆ ಸುಮ್ಮನಿರಲು ಮನಸ್ಸು ಒಪ್ಪುತ್ತಿಲ್ಲ.

ಮಧ್ಯಾಹ್ನ ಹನ್ನೆರಡರ ಸುಮಾರಾಗಿತ್ತು. ಪಟ್ಟೆತಲೆ ಹೆಬ್ಬಾತುಗಳಲ್ಲಿ ಕೆಲವು ನೀರಿನ ನಡುವೆ ತೇಲುತ್ತಿದ್ದವು. ಉಳಿದವು ದಂಡೆಯ ಕೆಸರಿನಲ್ಲಿ ಒಂಟಿಗಾಲಿನ ಮೇಲೆ ನಿಂತು, ಕೊಕ್ಕನ್ನು ಬೆನ್ನಿನ ಗರಿಯೊಳಗೆ ಹುದುಗಿಸಿ ನಿದ್ದೆ ಹೋಗಿದ್ದವು. ಬೆಳ್ಳನೆಯ ತಲೆಯ ಹಿಂದಿನ ಎರಡು ಕಪ್ಪು ಪಟ್ಟೆಗಳು ದುರ್ಬೀನಿಲ್ಲದೆಯೇ ಕಾಣುವಷ್ಟು ಹತ್ತಿರದಲ್ಲಿದ್ದವು. ಅಷ್ಟರಲ್ಲಿ ಕಾರಿನಿಂದ ಇಳಿದ ನಾಲ್ಕೈದು ಯುವಕರಲ್ಲಿ ಒಬ್ಬ ಮೊಬೈಲ್ ಹಿಡಿದು ನಿಂತ, ಇನ್ನೊಬ್ಬ ಕಲ್ಲು ಎತ್ತಿ ಬೀಸಿದ. ಹಿಂಡಿಗೆ ಹಿಂಡೇ ಎದ್ದು, ಕೂಗುತ್ತ ಎರಡು ಸುತ್ತು ಹಾರಿ, ಆಚೆಯ ದಂಡೆಗೆ ಇಳಿಯಿತು. ವಿಡಿಯೊ ಸರಿಯಾಗಿ ಬರಲಿಲ್ಲವೆಂದು ಅವರು ಆ ಕಡೆಗೂ ನಡೆದು ಮತ್ತೆ ಕಲ್ಲು ಎಸೆದರು. ಎರಡನೆಯ ಸಲ ಎದ್ದ ಹಕ್ಕಿಗಳು ಕೆರೆಗೆ ಇಳಿಯಲೇ ಇಲ್ಲ. ನನ್ನ ಪಕ್ಕದಲ್ಲಿ ನಿಂತಿದ್ದ ವಯಸ್ಸಾದ ರೈತರೊಬ್ಬರು, "ರಾತ್ರಿಯೆಲ್ಲಾ ಹೊಲದಾಗ ಮೇದು ಬಂದು ಈಗ ಮಲಗಿದ್ದವ್ರೀ ಅಕ್ಕಾರ. ಮೇದು ಮಲಗಿದ ದನಾನ ಯಾರರ ಬಡಿದು ಎಬ್ಬಸ್ತಾರೇನ್ರಿ?" ಎಂದರು. ನಾನು ಆ ಹುಡುಗರಿಗೆ ಹೇಳಿ ನೋಡಿದೆ. ಅವರು ಕೆಟ್ಟವರೇನಲ್ಲ, ಕೂಡಲೇ ಕಲ್ಲು ಕೆಳಗೆ ಹಾಕಿದರು. ಅವರಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಆ ರೈತರ ಮಾತಿನಲ್ಲಿ ಈ ಹಕ್ಕಿಯ ದಿನಚರಿಯೇ ಇದೆ. ಇವು ಸಂಜೆಯಾಗುತ್ತಲೇ ಸುತ್ತಲಿನ ಹೊಲಗಳಿಗೆ ಹೋಗಿ ಹುಲ್ಲು, ಕಾಳು, ಎಳೆಯ ಪೈರು ಮೇದು, ಹಗಲು ನೀರಿಗೆ ಬಂದು ದಣಿವಾರಿಸಿಕೊಳ್ಳುತ್ತವೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಹೀಗೆ ಮೈಗೂಡಿಸಿಕೊಂಡ ಕೊಬ್ಬಿನ ಬಲದಲ್ಲಿಯೇ ಅವು ಹಿಮಾಲಯವನ್ನು ದಾಟಿ ಮರಳಬೇಕು. ಏಳು ಸಾವಿರ ಮೀಟರಿಗೂ ಮೇಲೆ ಇವು ಹಾರಿದ ದಾಖಲೆಯಿದೆ. ಅಂಥ ದಾರಿ ಮುಂದಿರುವ ಹಕ್ಕಿಯನ್ನು ಒಂದು ವಿಡಿಯೊಗಾಗಿ ಹಗಲಿಡೀ ಎಬ್ಬಿಸುವುದೆಂದರೆ ಅದರ ದಾರಿಬುತ್ತಿಯನ್ನೇ ಕಿತ್ತುಕೊಂಡಂತೆ.

ಎರಡು ವರ್ಷಗಳ ಹಿಂದೆ ಜುಲೈನಲ್ಲಿ ಮಗ ಮತ್ತು ಸೊಸೆ ನನ್ನನ್ನು ಲಡಾಖಿಗೆ ಕರೆದೊಯ್ದಿದ್ದರು. ಅಲ್ಲಿ 4,500 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ತ್ಸೊ ಮೊರಿರಿ ಸರೋವರದ ದಂಡೆಯಲ್ಲಿ ಇದೇ ಹೆಬ್ಬಾತುಗಳನ್ನು ಮರಿಗಳೊಂದಿಗೆ ನೋಡಿದಾಗ ನಮ್ಮೂರಿನವರೇ ಎದುರಾದಷ್ಟು ಸಂತೋಷವಾಗಿತ್ತು. ಆ ಸರೋವರ 2002ರಲ್ಲೇ ರಾಮ್ಸರ್ ಪಟ್ಟಿಗೆ ಸೇರಿದೆ. ಗುಡ್ಡದ ನಡುವಿನ ನೀಲಿ ನೀರು, ಗುಡಾರ, ಮೋಟಾರ್ ಸೈಕಲ್ಲು, ಕಾಲ್ನಡಿಗೆ ಎಂದು ಅಲ್ಲಿಗೂ ಪ್ರವಾಸಿಗರು ಧಾರಾಳವಾಗಿ ಬರುತ್ತಾರೆ. ಆದರೆ ನಾವು ಉಳಿದ ಗುಡಾರ ನೀರಿನಿಂದ ಸಾಕಷ್ಟು ದೂರದಲ್ಲಿ, ಕೊರ್ಜೊಕ್ ಹಳ್ಳಿಯ ಪಕ್ಕದಲ್ಲಿತ್ತು. ದಂಡೆಗೆ ವಾಹನ ಒಯ್ಯಬಾರದೆಂದು ಚಾಲಕ ಮೊದಲೇ ತಿಳಿಸಿದ್ದ. ಮರಿಗಳಿರುವ ಆ ದಿನಗಳಲ್ಲಿ ದೊಡ್ಡ ಹಕ್ಕಿಗಳ ರೆಕ್ಕೆಯ ಗರಿಗಳೂ ಉದುರಿ, ಕೆಲವು ವಾರ ಅವು ಹಾರಲಾರವು. ಪ್ರವಾಸಿಗರು ಚೆಲ್ಲಿದ ಅನ್ನಕ್ಕೆ ಸೇರಿ ಬೆಳೆದ ಬೀದಿನಾಯಿಗಳು ಲಡಾಖಿನಲ್ಲಿ ಮರಿಗಳಿಗೆ ಮೃತ್ಯುವಾಗಿವೆ. ಮಾಗಡಿಯ ಏರಿಯ ಮೇಲೆ ಊಟದ ಎಲೆ, ಮಂಡಕ್ಕಿ ಪೊಟ್ಟಣ ಬಿಟ್ಟುಹೋಗುವವರು ಈ ಮಾತನ್ನು ಗಮನಿಸಬೇಕು. ನಾಯಿ ಇಲ್ಲಿಗೂ ಅದೇ ವಾಸನೆ ಹಿಡಿದು ಬರುತ್ತದೆ.

ಕೆರೆ ಎಂದೊಡನೆ ಬೋಟಿಂಗ್ ಬೇಕೆನ್ನುವ ಮಾತು ನಮ್ಮಲ್ಲಿ ಸಾಮಾನ್ಯ. ದೋಣಿಯಲ್ಲಿ ತಿರುಗುವ ಆಸೆಗೆ ಗದಗಿನ ಭೀಷ್ಮಕೆರೆಯಿದೆ, ಹುಬ್ಬಳ್ಳಿಯ ಉಣಕಲ್ ಕೆರೆಯಿದೆ. ಸುಮಾರು 50 ಹೆಕ್ಟೇರಿನ ಮಾಗಡಿ ಕೆರೆಯ ನಡುವೆ ಒಂದೇ ಒಂದು ಮೋಟಾರ್ ದೋಣಿ ಓಡಿದರೂ ಹಕ್ಕಿ ಕುಳಿತುಕೊಳ್ಳಲು ಜಾಗ ಉಳಿಯುವುದಿಲ್ಲ. ಇಲ್ಲಿ ಬೇಕಾದದ್ದು ಬೇರೆ. ವಾಹನಗಳನ್ನು ಏರಿಯಿಂದ ದೂರವೇ ನಿಲ್ಲಿಸಿ ನಡೆದು ಬರುವ ವ್ಯವಸ್ಥೆ, ಹೆಂಗಸರು ಮತ್ತು ಮಕ್ಕಳಿಗೆ ಶುಚಿಯಾದ ಶೌಚಾಲಯ, ಕುಳಿತು ನೋಡಲು ಗಿಡದ ನೆರಳು, ಬಾಡಿಗೆಗೆ ಸಿಗುವ ದುರ್ಬೀನು ಇದ್ದರೆ ಸಾಕು. ಡ್ರೋನ್ ಮತ್ತು ಧ್ವನಿವರ್ಧಕಗಳನ್ನು ಆ ಐದು ತಿಂಗಳು ಪೂರ್ತಿ ನಿಷೇಧಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹಕ್ಕಿ ನೋಡುವ ಸಮಯ ಯಾವುದೆಂದು ಬಂದವರಿಗೆ ತಿಳಿಯಬೇಕು. ಹೊಲದಿಂದ ಹಿಂಡು ಮರಳುವ ಬೆಳಗು, ಹೊಲಕ್ಕೆ ಹೊರಡುವ ಸಂಜೆ, ಈ ಎರಡು ಹೊತ್ತಿನಲ್ಲಿ ಅವು ತಾವಾಗಿಯೇ ತಲೆಯ ಮೇಲೆ ಸಾಲುಗಟ್ಟಿ ಹಾರುತ್ತವೆ, ಕಲ್ಲು ಬೀಸುವ ಅಗತ್ಯವೇ ಬೀಳುವುದಿಲ್ಲ.

ಇದನ್ನು ತಿಳಿಸಿಕೊಡಲು ಮಾಗಡಿಯ ಯುವಕ ಯುವತಿಯರಿಗಿಂತ ತಕ್ಕವರಿಲ್ಲ. ಅವರಿಗೆ ತರಬೇತಿ ಕೊಟ್ಟು, ಪ್ರವಾಸಿಗರಿಂದ ಪಡೆಯುವ ಶುಲ್ಕದಲ್ಲಿ ಅವರ ಕೂಲಿ ಕಳೆದು ಉಳಿದದ್ದನ್ನು ಹಕ್ಕಿ ಮೇದ ಹೊಲಗಳ ರೈತರಿಗೆ ಪರಿಹಾರವಾಗಿ ಕೊಡುವುದು ನ್ಯಾಯ. ಕಡಲೆ, ಶೇಂಗಾ ಹೊಲದಲ್ಲಿ ಹೆಬ್ಬಾತುಗಳು ಇಳಿದರೂ ಕವಣೆ ಬೀಸದೆ ತಡೆದುಕೊಂಡಿರುವ ಈ ರೈತರಿಂದಲೇ ಕೆರೆಗೆ ಇಂದಿನ ಹೆಸರು ಬಂದಿದೆ. ನೋಡಲು ಬರುವ ನಾವು ಅವರಿಗೆ ಇಷ್ಟಾದರೂ ಸಲ್ಲಿಸಬೇಕು.

ಹಕ್ಕಿಗಳು ಬರುವ ಮುನ್ನ, ಅಕ್ಟೋಬರ್‌ನಲ್ಲಿಯೇ ಅರಣ್ಯ ಇಲಾಖೆ, ಗ್ರಾಮ ಪಂಚಾಯಿತಿ ಮತ್ತು ಸುತ್ತಲಿನ ಹೊಲಗಳ ರೈತರು ಕೆರೆಯ ಏರಿಯ ಮೇಲೆಯೇ ಒಂದು ಸಭೆ ಸೇರಿ ಈ ವಿಷಯಗಳನ್ನು ಇತ್ಯರ್ಥಪಡಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

– ನಿವೃತ್ತ ಶಿಕ್ಷಕಿ, ಗದಗ