ಬಿಲ್ಡ್ ಲಾಗ್ ಓದುವುದನ್ನೂ ಕಲಿಸಿ

ಮಾನ್ಯ ಸಂಪಾದಕರೇ,

ಗಂಗಾವತಿಯಲ್ಲಿ ಗಣಿತ ಹೇಳಿಕೊಡುತ್ತೇನೆ. ನನ್ನ ಹತ್ತಿರ ಬರುವ ಎಂ.ಎಸ್ಸಿ. ಹುಡುಗ ಹುಡುಗಿಯರು ಪ್ರಾಜೆಕ್ಟ್ ವರದಿಯನ್ನು ಪುಟ ಜೋಡಿಸಿ ಪಿಡಿಎಫ್ ಮಾಡಿಕೊಡುವ ಲೇಟೆಕ್ ಎಂಬ ಸಾಫ್ಟ್‌ವೇರ್‌ನಲ್ಲಿ ಬರೆಯುತ್ತಿದ್ದಾರೆ. ಖುಷಿಯ ವಿಷಯ. ಆದರೆ ಎರರ್ ಬಂದರೆ ಸುಮ್ನೆ ಎಂಟರ್ ಒತ್ತುತ್ತಾ ಹೋಗುತ್ತಾರೆ. ಪಿಡಿಎಫ್ ಬಂತಲ್ಲ, ಸಾಕು ಅಂತಾರೆ.

ಸಾಕಾಗುವುದಿಲ್ಲ. ಅದರಲ್ಲೂ ಕನ್ನಡದಲ್ಲಿ ಬರೆಯುವವರಿಗೆ. ಫಾಂಟ್‌ನಲ್ಲಿ ಇಲ್ಲದ ಅಕ್ಷರ ಸಿಕ್ಕರೂ ಝೀಲೇಟೆಕ್ (ಕನ್ನಡದಂಥ ಲಿಪಿಗಳಿಗೆ ಬಳಸುವ ಲೇಟೆಕ್) ನಿಲ್ಲುವುದಿಲ್ಲ. ಅಲ್ಲಿ ಖಾಲಿ ಜಾಗವೋ ಚೌಕವೋ ಬಿಟ್ಟು ಮುಂದೆ ಹೋಗುತ್ತದೆ. ಫಾಂಟ್ ಹೇಳುವಾಗ ಲಿಪಿ ಕನ್ನಡ ಎಂದು ತಿಳಿಸದಿದ್ದರೆ ಒತ್ತಕ್ಷರಗಳು ಒಡೆದುಹೋಗಬಹುದು. ಫಾಂಟ್‌ನಲ್ಲಿ ಇಲ್ಲದ ಅಕ್ಷರದ ಬಗ್ಗೆ 'ಮಿಸಿಂಗ್ ಕ್ಯಾರೆಕ್ಟರ್' ಎಂಬ ಸಾಲು ಲಾಗ್ ಫೈಲಿನಲ್ಲಿ (ಪಿಡಿಎಫ್ ಮಾಡುವಾಗ ನಡೆದದ್ದನ್ನು ಬರೆದಿಡುವ ಫೈಲ್) ಇರುತ್ತದೆ. ತೆರೆದು ನೋಡುವವರು ಬೇಕು, ಅಲ್ವಾ?

ಇದಕ್ಕೆ ಎಡಿಟರ್ ಬಿಟ್ಟು ಹೊರಗೆ ಹೋಗಬೇಕಿಲ್ಲ. ಈಮ್ಯಾಕ್ಸ್ ಎಂಬ ಎಡಿಟರ್‌ನಲ್ಲಿ ಲೇಟೆಕ್‌ಗೆಂದೇ ಇರುವ ಆಕ್‌ಟೆಕ್ ಸೇರಿಸಿಕೊಂಡಿದ್ದರೆ ಕಂಟ್ರೋಲ್-ಸಿ ಎರಡು ಸಲ ಒತ್ತಿದರೆ ಕಮಾಂಡ್ ಓಡುತ್ತದೆ. ಕಂಟ್ರೋಲ್-ಸಿ, ಕಂಟ್ರೋಲ್-ಎಲ್ ಒತ್ತಿದರೆ ಅದರ ಔಟ್‌ಪುಟ್ ಕಾಣುತ್ತದೆ. ವಿಎಸ್ ಕೋಡ್ ಎಂಬ ಇನ್ನೊಂದು ಎಡಿಟರ್‌ನಲ್ಲಿ ಲೇಟೆಕ್ ವರ್ಕ್‌ಶಾಪ್ ಎಂಬ ಎಕ್ಸ್‌ಟೆನ್ಶನ್ ಹಾಕಿಕೊಂಡರೆ ಸೇವ್ ಮಾಡಿದಾಗಲೇ ಬಿಲ್ಡ್, ಅಂದರೆ ಪಿಡಿಎಫ್ ಮಾಡುವ ಕೆಲಸ, ಶುರು. ಲೇಟೆಕ್‌ಎಂಕೆ ಎಂಬ ಪ್ರೋಗ್ರಾಂ ಪರಿವಿಡಿ, ಪುಟಸಂಖ್ಯೆ ಸರಿಹೋಗುವವರೆಗೆ ಲೇಟೆಕ್ ಅನ್ನು ಬೇಕಾದಷ್ಟು ಸಲ ತಾನೇ ಓಡಿಸುತ್ತದೆ. ಲಾಗ್‌ನಲ್ಲಿ ಆಶ್ಚರ್ಯ ಚಿಹ್ನೆಯಿಂದ ಶುರುವಾಗುವ ಮೊದಲ ಎರರ್ ಹಿಡಿದು ಸರಿ ಮಾಡಿ. ಕೆಳಗಿನವು ಎಷ್ಟೋ ಸಲ ಅದರಿಂದಲೇ ಹುಟ್ಟಿರುತ್ತವೆ.

ಲೇಟೆಕ್, ಝೀಲೇಟೆಕ್ ಎಲ್ಲ ಒಟ್ಟಿಗೆ ಸಿಗುವ ಟೆಕ್ ಲೈವ್ ಉಚಿತ. ಕೊಪ್ಪಳ, ರಾಯಚೂರು, ಬಳ್ಳಾರಿ ಕಾಲೇಜುಗಳ ಲ್ಯಾಬ್‌ಗಳಲ್ಲಿ ಅದನ್ನು ಹಾಕಿಸಿ, ಲಾಗ್ ಓದುವುದಕ್ಕೇ ಒಂದು ಪ್ರಾಕ್ಟಿಕಲ್ ಕ್ಲಾಸ್ ಇಡಬೇಕು. ವರದಿ ಸಲ್ಲಿಸುವ ಮೊದಲೇ ಇಡಲಿ ಎಂದು ಪ್ರಾಂಶುಪಾಲರನ್ನು ಕೇಳಿಕೊಳ್ಳುತ್ತೇನೆ.

— ಗಣಿತ ಉಪನ್ಯಾಸಕಿ, ಗಂಗಾವತಿ, ಕೊಪ್ಪಳ ಜಿಲ್ಲೆ