ಅಪ್ಪಾ, ನಿಮ್ಮ ಜನತಾ ನಡೆಯುತ್ತಿದೆ

ಬೀಲ್, ಸ್ವಿಟ್ಜರ್ಲೆಂಡ್

ಪ್ರೀತಿಯ ಅಪ್ಪ ಅಮ್ಮನಿಗೆ ನಮಸ್ಕಾರ.

ನಾನಿಲ್ಲಿ ಚೆನ್ನಾಗಿದ್ದೇನೆ. ಅಪ್ಪಾ, ಹೋದ ಸಲ ಉಡುಪಿಯಿಂದ ಹೊರಡುವಾಗ ಕಪಾಟಿನಿಂದ ತಂದ ನಿಮ್ಮ ಎಚ್‌ಎಂಟಿ ಜನತಾ ವಾಚು ಭಾನುವಾರ ಸಂಜೆಯಿಂದ ನಡೆಯುತ್ತಿದೆ. ಈ ಪತ್ರ ಬರೆಯುವಾಗಲೂ ನನ್ನ ಕೈಯಲ್ಲೇ ಇದೆ. ಫೋನಿನಲ್ಲಿ ಅರ್ಧಂಬರ್ಧ ಹೇಳಲು ಮನಸ್ಸು ಬರಲಿಲ್ಲ.

ಪಕ್ಕದ ಮನೆಯ ಅಜ್ಜ ಜೀವಮಾನವೆಲ್ಲ ವಾಚಿನ ಕೆಲಸ ಮಾಡಿದವರು. ಈ ಊರೇ ಹಾಗೆ, ಒಮೆಗಾ ಕಂಪನಿ ಇರುವುದೂ ಇಲ್ಲೇ. ಹಿಂದಿನ ಮುಚ್ಚಳ ತೆಗೆದು ಐಗ್ಲಾಸಿನಲ್ಲಿ ನೋಡಿದವರೇ, ‘ಇದು ಜಪಾನಿನ ಸಿಟಿಜನ್ ಕಂಪನಿಯ ಮಾದರಿ’ ಅಂದರು. ಹೌದು, 1961ರಲ್ಲಿ ಬೆಂಗಳೂರಿನ ಎಚ್‌ಎಂಟಿ ವಾಚು ಕಾರ್ಖಾನೆ ಶುರುವಾದದ್ದೇ ಸಿಟಿಜನ್ ಜೊತೆ ಸೇರಿ ಅಂದೆ. ಅವರಿಗೆ ಭಾರಿ ಖುಷಿ.

ವಾಚು ಕೆಟ್ಟಿರಲಿಲ್ಲ ಅಪ್ಪಾ. ಎಣ್ಣೆ ಒಣಗಿ ಹಲಸಿನ ಮೇಣದ ಹಾಗೆ ಅಂಟಾಗಿತ್ತು. ಕೀ ಕೊಡುವ ಕಡ್ಡಿಗೆ ತುಕ್ಕು ಹಿಡಿದಿತ್ತು. ಮಲ್ಪೆಯ ಉಪ್ಪುಗಾಳಿ, ನಮ್ಮ ಮಳೆಗಾಲ, ಕೈಯ ಬೆವರು, ಎಲ್ಲ ಕೀ ಇರುವ ಸಂದಿನಿಂದಲೇ ಒಳಗೆ ಇಳಿಯುವುದು. ಕಡ್ಡಿ ಹೊಸದು ಹಾಕಿದೆವು. ಹಿಂದೆ ರಿಪೇರಿ ಮಾಡಿದವರು ಯಾರೋ ಒಂದು ಸ್ಕ್ರೂವಿನ ತಲೆ ಕೆಡಿಸಿದ್ದಾರೆ, ಎಲ್ಲೆಂದರಲ್ಲಿ ಎಣ್ಣೆ ಬಿಟ್ಟಿದ್ದಾರೆ. ನೋಡಿ ತುಂಬ ಬೇಜಾರಾಯಿತು.

ಬಿಚ್ಚುವ ಮೊದಲು ಸ್ಪ್ರಿಂಗಿನ ಬಿಗಿ ಇಳಿಸಬೇಕು. ಮರೆತರೆ ಚಕ್ರಗಳು ರೊಯ್ಯನೆ ತಿರುಗಿ ಹಲ್ಲು ಮುರಿಯಬಹುದು. ಆಮೇಲೆ ಮುಳ್ಳು, ಡಯಲ್, ಅತ್ತಿತ್ತ ಆಡುತ್ತ ವಾಚನ್ನು ನಡೆಸುವ ಬ್ಯಾಲೆನ್ಸ್ ಚಕ್ರ. ಆ ಚಕ್ರದ ಹೇರ್‌ಸ್ಪ್ರಿಂಗ್ ಕೂದಲಿನಷ್ಟು ತೆಳು. ಚಿಮಟದಲ್ಲಿ ಎತ್ತುವಾಗ ನಾನು ಉಸಿರೇ ಬಿಡಲಿಲ್ಲ. ಬಿಡಿಭಾಗಗಳನ್ನೆಲ್ಲ ತೊಳೆದು, ಕಲ್ಲುಗಳ ತೂತನ್ನು ಚೂಪು ಮಾಡಿದ ಮರದ ಕಡ್ಡಿಯಿಂದ ಒಂದೊಂದಾಗಿ ಒರೆಸಿದೆ. ಒರೆಸಿದಾಗಲೆಲ್ಲ ಕಡ್ಡಿಯ ತುದಿ ಕಪ್ಪು. ಬಿಳಿಯಾಗಿ ಬರುವವರೆಗೂ ಅಜ್ಜ ಬಿಡಲಿಲ್ಲ! 17 ಜ್ಯುವೆಲ್ಸ್ ಅನ್ನುವುದು ಈ ಕೆಂಪು ಕಲ್ಲುಗಳನ್ನೇ, ಕಾರ್ಖಾನೆಯಲ್ಲಿ ಮಾಡಿದ ಮಾಣಿಕ್ಯ. ಸವೆಯದೆ ಇರಲಿ ಅಂತ ಹಾಕುವುದು. ಎಣ್ಣೆ ಕೊಡುವುದು ಸೂಜಿಮೊನೆಯಷ್ಟೇ, ಅದೂ ಬೇಕಾದ ಕಡೆ ಮಾತ್ರ.

ಬ್ಯಾಲೆನ್ಸ್ ಚಕ್ರ ಕೂರಿಸಿ ಸ್ವಲ್ಪ ಕೀ ಕೊಟ್ಟೆ. ನಾನು ಮುಟ್ಟುವ ಮೊದಲೇ ಅದು ತಾನಾಗಿ ಆಡಲು ಶುರು ಮಾಡಿತು. ಸೆಕೆಂಡಿಗೆ 5 ಬಡಿತ. ಬೆಳಿಗ್ಗೆ ರೇಡಿಯೋ ವಾರ್ತೆಗೆ ಟೈಮ್ ಸರಿ ಮಾಡಿ, ಕೀ ಕೊಟ್ಟು, ನನ್ನ ಕಿವಿಗೆ ಹಿಡಿಯುತ್ತಿದ್ದಿರಲ್ಲ, ಅದೇ ಸದ್ದು ಅಪ್ಪಾ. ಕಣ್ಣು ತುಂಬಿ ಬಂತು.

ಒಂದು ವಿಷಯಕ್ಕೆ ಬೈಯಬೇಡಿ. ಡಯಲಿಗೆ ಹೊಸ ಬಣ್ಣ ಹಾಕಿಸಲಿಲ್ಲ. ಹೊಸದರ ಹಾಗೆ ಆಗಲಿ ಅಂದಿದ್ದಿರಿ. ಆದರೆ 6ರ ಹತ್ತಿರದ ಆ ಕಂದು ಕಲೆ, ‘ಜನತಾ’ ಅನ್ನುವ ಹಿಂದಿ ಅಕ್ಷರ, ಎಲ್ಲ ನೀವು ಕಟ್ಟಿದ ವಾಚಿನದ್ದೇ. ಬಣ್ಣ ಬಳಿದರೆ ಅದು ಹೋಗುತ್ತದೆ. ವಾಚು ಕಂಪನಿ ಮುಚ್ಚಲು 2016ರಲ್ಲಿ ಸರಕಾರ ಒಪ್ಪಿಗೆ ಕೊಟ್ಟಾಯಿತು, ಅಂಥ ಅಸಲಿ ಡಯಲ್ ಇನ್ನು ಎಲ್ಲಿಂದ ತರುವುದು? ಗಾಜಿನ ಗೀರು ಮಾತ್ರ ಪೇಸ್ಟ್ ಹಾಕಿ ಉಜ್ಜಿ ತೆಗೆದೆ.

ಈಗ ದಿನಕ್ಕೆ 15 ಸೆಕೆಂಡು ಮುಂದೆ ಹೋಗುತ್ತದೆ. ಪೂರ್ತಿ ಕೀ ಕೊಟ್ಟರೆ 38 ಗಂಟೆ ನಡೆಯಿತು. ಪೋಸ್ಟಿನಲ್ಲಿ ಕಳಿಸುವುದಿಲ್ಲ, ಡಿಸೆಂಬರಿನಲ್ಲಿ ನಾನೇ ತರುತ್ತೇನೆ. ಸ್ನಾನಕ್ಕೆ ಹೋಗುವಾಗ ಬಿಚ್ಚಿಡಬೇಕು, ಆಯ್ತಾ?

ಅಮ್ಮಾ, ಅಪ್ಪನ ಮಣಿಕಟ್ಟಿಗೆ ದಾರ ಸುತ್ತಿ ಅಳತೆ ತೆಗೆದು ತಿಳಿಸು. ಈಗ ಸಪೂರ ಆಗಿದ್ದಾರೆ ಅಂದೆಯಲ್ಲ, ಹಳೆ ಪಟ್ಟಿ ಸಡಿಲವಾದೀತು. ಚರ್ಮದ್ದು ಒಂದು ಇಲ್ಲೇ ಕೊಳ್ಳುತ್ತೇನೆ.

ನಿಮ್ಮ ಮಗಳು